ಡೋಂಗಲ್ ಡಬ್ಬಿ ಮತ್ತು ಅಸ್ತರಿನ ಚೂರು

ದಸರೆಗೆ ಮುಂಚೆ ಮನೆಯಲ್ಲಿ ಸಾಮಾನು ಇಳಿಸಿ ಒರೆಸುವ ಕೆಲಸ ಶುರುವಾಯಿತೆಂದರೆ ನಾನು ಏನಾದರೂ ನೆಪ ಹೇಳಿ ಹೊರಗೆ ಬೀಳುತ್ತೇನೆ. ಈ ಸಲ ನೆಪ ಹೊಳೆಯುವುದರೊಳಗೆ ಸಿಕ್ಕಿಬಿದ್ದೆ. ಬೀದರಿನ ಮೈಲೂರಿನಲ್ಲಿರುವ ನಮ್ಮ ಮನೆಯ ಅಟ್ಟದಿಂದ ಹೆಂಡತಿ ತುಕ್ಕು ಹಿಡಿದ ಬಿಸ್ಕೀಟಿನ ಡಬ್ಬಿಯೊಂದನ್ನು ಇಳಿಸಿ, ಮುಚ್ಚಳ ಕಿತ್ತು, ನನ್ನ ಮುಂದೆ ಹಿಡಿದಳು. ಒಳಗೆ ಹೆಬ್ಬೆರಳಿನ ಗಾತ್ರದ ಕಪ್ಪು, ಬಿಳಿ ತುಂಡುಗಳು.

“ಏನ್ರಿ ಇವು?”

“ಡೋಂಗಲ್. ಕಂಪ್ಯೂಟರ್‌ಗೆ ವೈರ್ ಇಲ್ದ ಇಂಟರ್‌ನೆಟ್ ಕೊಡ್ತಾವ.”

“ನಡೀತಾವೇನು?”

“ಇಲ್ಲ.”

“ಒಂದೂ?”

“ಒಂದೂ ಇಲ್ಲ.”

“ಮತ್ತ ಯಾಕ ಇಟ್ಟೀರಿ, ಪೂಜಾ ಮಾಡ್ಲಿಕ್ಕಾ?”

ಡಬ್ಬಿಯ ತಳದಲ್ಲಿದ್ದ ಅಂಗೈಯಗಲದ ಹಳದಿ ಬಟ್ಟೆಯ ಚೂರನ್ನು ಅವಳು ಆಗಲೇ ಎಳೆದು, ಫ್ಯಾನಿನ ರೆಕ್ಕೆ ಒರೆಸಲು ಸ್ಟೂಲಿನ ಮೇಲೆ ಒಂದು ಕಾಲಿಟ್ಟಿದ್ದಳು. ನಾನು ಹಾರಿ ಕಸಿದುಕೊಂಡೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಅಷ್ಟು ಚುರುಕಾಗಿ ಎದ್ದದ್ದನ್ನು ಅವಳು ನೋಡಿರಲಿಲ್ಲವಂತೆ.

ಕೆಲವರಿಗೆ ಎಲೆ ಅಡಿಕೆಯ ಚಟ, ಕೆಲವರಿಗೆ ಇಸ್ಪೀಟಿನದು. ನನಗೆ ಲಿನಕ್ಸಿನದು. ಭಾಲ್ಕಿಯ ಕಾಲೇಜೊಂದರಲ್ಲಿ ನಾನು ಲ್ಯಾಬ್ ನೋಡಿಕೊಳ್ಳುವವನು. ಕಂಪ್ಯೂಟರನ್ನು ನಡೆಸುವ ಮೂಲ ವ್ಯವಸ್ಥೆಯನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ನೆರೆಯವರಿಗೆ ಹಂಚಬಹುದು ಎಂಬ ಮಾತು ಕೇಳಿದ ದಿನದಿಂದ ನನಗೆ ಅದರ ಹುಚ್ಚು ಹತ್ತಿತು. ಬೀದರಿನಿಂದ ಭಾಲ್ಕಿಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೂ ಹೇಳುತ್ತಿದ್ದೆ. ಎಷ್ಟೋ ಜನ ನಿದ್ದೆಯ ನಟನೆ ಮಾಡಿದ್ದಾರೆ.

ಈ ಹುಚ್ಚಿಗೊಂದು ಶಾಪವಿತ್ತು. ಎಲ್ಲ ಸರಿ, ವೈಫೈ ಮಾತ್ರ ಹಿಡಿಯುತ್ತಿರಲಿಲ್ಲ. ವೈಫೈ ಹಿಡಿಯಲು ಕಂಪ್ಯೂಟರಿನೊಳಗೆ ಕೂರಿಸುವ ಕಾರ್ಡು ತಯಾರಿಸುವ ಕಂಪನಿಗಳು ಅದರ ಒಳಗುಟ್ಟನ್ನು ನಮ್ಮಂಥವರಿಗೆ ಹೇಳುತ್ತಿರಲಿಲ್ಲ. ಯಾರೋ ಪುಣ್ಯಾತ್ಮರು ದೂರದ ಊರಿನಲ್ಲಿ ಕೂತು, ಊಹಿಸಿ ಊಹಿಸಿ, ಕೆಲವು ಕಾರ್ಡುಗಳಿಗೆ ಬೇಕಾದ ಡ್ರೈವರ್ ಎಂಬ ಪ್ರೋಗ್ರಾಮು ಬರೆದಿದ್ದರು. ಯಾವ ಕಾರ್ಡಿಗೆ ಬರೆದಿದ್ದಾರೆ, ಯಾವುದಕ್ಕಿಲ್ಲ ಎಂದು ಹುಡುಕುವುದೇ ಒಂದು ಕೆಲಸ. ಗಂಡಿಗೆ ಹೆಣ್ಣು ನೋಡುವವರು ಕೂಡ ಇಷ್ಟು ವಿಚಾರಣೆ ಮಾಡಲಿಕ್ಕಿಲ್ಲ.

ವೈರಿಲ್ಲದೆ ಹಿಡಿಯುವುದರ ಕಷ್ಟ ನನಗೆ ಚಿಕ್ಕಂದಿನಿಂದಲೇ ಗೊತ್ತಿರಬೇಕಿತ್ತು. ನಾನು ಹುಟ್ಟಿದ್ದು ಔರಾದ ತಾಲೂಕಿನ ಠಾಣಾ ಕುಶನೂರಿನಲ್ಲಿ. ನಮ್ಮಪ್ಪನ ರೇಡಿಯೋಗೆ ತಾಮ್ರದ ತಂತಿಯೊಂದನ್ನು ಬೇವಿನ ಮರಕ್ಕೆ ಕಟ್ಟಿದ್ದರು. ಗಾಳಿ ಬೀಸಿದರೆ ವಾರ್ತೆ ಕನ್ನಡದಿಂದ ಮರಾಠಿಗೆ, ಮರಾಠಿಯಿಂದ ತೆಲುಗಿಗೆ ಜಾರುತ್ತಿತ್ತು. ನಾನು ಮಾಳಿಗೆಯ ಮೇಲೆ ತಂತಿ ಹಿಡಿದು ನಿಂತರೆ ಕನ್ನಡ ಬರುತ್ತಿತ್ತು. “ಹಾಂ, ಅಲ್ಲೇ ನಿಂದ್ರು, ಅಳ್ಳಾಡಬ್ಯಾಡ!” ಎಂದು ಅಪ್ಪ ಕೆಳಗಿನಿಂದ ಕೂಗುತ್ತಿದ್ದರು. ಪೂರಾ ವಾರ್ತೆ ಮುಗಿಯುವವರೆಗೆ ನಾನು ನಮ್ಮ ಮನೆಯ ಏರಿಯಲ್ ಆಗಿರುತ್ತಿದ್ದೆ. ಕೆಳಗಿನವರು ಕೇಳಿದ ಸುದ್ದಿ ಏನೆಂದು ನನಗೆ ಮಾತ್ರ ತಿಳಿಯುತ್ತಿರಲಿಲ್ಲ.

ಇರಲಿ, ಡಬ್ಬಿಯ ಮಾತಿಗೆ ಬರುತ್ತೇನೆ.

ಮಳೆ ಸತತವಾಗಿ ಕೈಕೊಟ್ಟ ವರ್ಷಗಳವು. ಮಾಂಜ್ರಾ ನದಿಯಲ್ಲಿ ಕಲ್ಲು ಎಣಿಸಬಹುದಿತ್ತು. ಔರಾದ ಬಸ್‌ಸ್ಟ್ಯಾಂಡಿನಲ್ಲಿ ಗಂಟು, ರೊಟ್ಟಿ ಹಂಚು, ಕೊಡ ಹೊತ್ತವರು ಹೈದ್ರಾಬಾದಿನ, ಪುಣೆಯ ಬಸ್ಸಿಗೆ ಕಾಯುತ್ತಿದ್ದರು. ಹಾಗೆ ಹೋದವರಲ್ಲಿ ಠಾಣಾ ಕುಶನೂರಿನ ಬಡಗಿ ಗೌತಮನೂ ಒಬ್ಬ. ತೊಗರಿ ಬಂದರೆ ಜನ ಬಾಗಿಲು ಕಿಟಕಿ ಮಾಡಿಸುತ್ತಾರೆ. ತೊಗರಿ ಬರಲಿಲ್ಲ, ಬಾಗಿಲೂ ಬರಲಿಲ್ಲ. ಅವನು ಪುಣೆಯಲ್ಲಿ ಒಬ್ಬ ಮೇಸ್ತ್ರಿಯ ಕೈಕೆಳಗೆ ಸೇರಿದ. ಹೆಂಡತಿ ರಮಾ ಊರಲ್ಲೇ ಹೊಲಿಗೆ ಮಾಡಿಕೊಂಡು ಉಳಿದಳು.

ಗಂಡ ಹೆಂಡತಿ ಇಬ್ಬರಿಗೂ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ, ಬಾಯಿಮಾತೂ ಇಲ್ಲ. ಇಬ್ಬರೂ ಸಾಲೆಗೆ ಹೋದವರಲ್ಲ, ಆದ್ದರಿಂದ ಬರೆದು ಕಳಿಸುವ ಹಾಗೂ ಇಲ್ಲ. ಅವರ ಸಂಸಾರವೆಲ್ಲ ಕೈಯಲ್ಲಿ. ಊರಲ್ಲಿದ್ದಾಗ ಇಬ್ಬರೂ ಓಣಿಯ ಈ ತುದಿ ಆ ತುದಿ ನಿಂತು ಕೈಯಲ್ಲೇ ಜಗಳವಾಡಿದ್ದನ್ನು ನಾನೇ ನೋಡಿದ್ದೇನೆ. ಬೇರೆಯವರ ಗಂಡಂದಿರು ಪುಣೆಯಿಂದ ಫೋನಿನಲ್ಲಿ ಮಾತಾಡುತ್ತಿದ್ದರು. ರಮಾಳಿಗೆ ಫೋನಿದ್ದೂ ಏನು ಪ್ರಯೋಜನ? ಅವಳಿಗೆ ಗಂಡನ ಮಾತು ಕೇಳಬೇಕಾದರೆ ಗಂಡನ ಕೈ ಕಾಣಬೇಕಿತ್ತು.

ಅದಕ್ಕೊಂದು ದಾರಿ ಸಿಕ್ಕಿತ್ತು. ಕಾಲೇಜು ಬೇಡವೆಂದು ಬಿಟ್ಟ ಒಂದು ಲ್ಯಾಪ್‌ಟಾಪನ್ನು ನಾನು ಊರಿನ ಬುದ್ಧವಿಹಾರಕ್ಕೆ ಕೊಡಿಸಿದ್ದೆ. ಭಾನುವಾರ ಅಲ್ಲಿ ಹೋಗಿ ಕಂಪ್ಯೂಟರು ಕಲಿಸುತ್ತಿದ್ದೆ. ವಿಹಾರದ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಇಂಟರ್‌ನೆಟ್ ಇತ್ತು, ಅದರ ವೈಫೈ ರಸ್ತೆ ದಾಟಿ ವಿಹಾರದ ಹಿಂದಿನ ಕೋಣೆಯವರೆಗೂ ಬರುತ್ತಿತ್ತು. ಗೌತಮನ ಮೇಸ್ತ್ರಿಯ ಹತ್ತಿರ ವಿಡಿಯೋ ಕಾಲ್ ಮಾಡುವಂಥ ದೊಡ್ಡ ಫೋನಿತ್ತು. ಭಾನುವಾರ ಮಧ್ಯಾಹ್ನ ಅರ್ಧ ತಾಸು ಅವನು ಫೋನು ಕೊಡುತ್ತಿದ್ದ. ರಮಾ ಲ್ಯಾಪ್‌ಟಾಪಿನ ಮುಂದೆ, ಗೌತಮ ಫೋನಿನ ಮುಂದೆ. ಹೀಗೆ ಕೆಲವು ಭಾನುವಾರ ಚೆನ್ನಾಗಿಯೇ ನಡೆಯಿತು.

ಆಗ ನಾನು ತಲೆಹಾಕಿದೆ. ಆ ಲ್ಯಾಪ್‌ಟಾಪಿನಲ್ಲಿದ್ದದ್ದು ಕದ್ದು ಹಾಕಿದ ನಕಲಿ ವ್ಯವಸ್ಥೆ. ಬುದ್ಧವಿಹಾರದಲ್ಲಿ ಕಳ್ಳಮಾಲು ಇರಬಾರದು ಎಂದು ಹತ್ತು ಜನರ ಮುಂದೆ ದೊಡ್ಡ ಭಾಷಣ ಬಿಗಿದು, ಅದನ್ನು ಪೂರ್ತಿ ಅಳಿಸಿ ಲಿನಕ್ಸ್ ಹಾಕಿದೆ. ಚಪ್ಪಾಳೆಯೂ ಬಿತ್ತು. ಚಪ್ಪಾಳೆ ನಿಂತ ಮೇಲೆ ನೋಡುತ್ತೇನೆ, ವೈಫೈ ಸತ್ತಿದೆ.

“ಸರ್, ನಿನ್ನೀತನ ನಡೀತಿತ್ತಲ್ರಿ?” ಎಂದರು ಸುಶೀಲಾಬಾಯಿ. ಅವರು ಗೌತಮನ ಅಕ್ಕ, ಅಂಗನವಾಡಿ ಟೀಚರ್. ರಮಾಳ ಕೈಮಾತನ್ನು ನಮ್ಮಂಥ ಕಿವಿಯಿದ್ದವರಿಗೆ ತಿಳಿಸಿ ಹೇಳುತ್ತಿದ್ದವರು ಅವರೇ.

“ಇದರಾಗಿನ ಕಾರ್ಡಿಗೆ ಲಿನಕ್ಸ್ ಒಗ್ಗವಲ್ದು ಬಾಯಿ. ಹೊರಗಿಂದ ಒಂದು ಡೋಂಗಲ್ ಹಚ್ಚಿದ್ರ ಆಯ್ತು. ಬರೋ ವಾರ ತರ್ತೇನಿ.”

ಬರುವ ವಾರ ಎನ್ನುವುದು ನಾಲ್ಕು ತಿಂಗಳಾಯಿತು.

ವೈರೇ ಎಳೆಯಬಹುದಿತ್ತಲ್ಲ ಎನ್ನುತ್ತೀರಿ. ಎಳೆದೆವು. ಬರಗಾಲದಲ್ಲಿ ಎಲ್ಲಿಂದಲೋ ದನದ ಮೇವಿನ ಕಣಿಕಿ ಹೇರಿಕೊಂಡು ಬರುವ ಲಾರಿಗಳು ಮಾಳಿಗೆ ಎತ್ತರ ಇರುತ್ತಿದ್ದವು. ಮೊದಲನೆಯ ವೈರನ್ನು ಒಂದು ಲಾರಿ ಒಯ್ದಿತು, ಎರಡನೆಯದನ್ನು ಇನ್ನೊಂದು. ಹಾಗಾದರೆ ಅಂಗಡಿಯೊಳಗೇ ಕೂತು ಮಾತಾಡಲಿ ಎಂದು ನಾನೇ ಸುಶೀಲಾಬಾಯಿಗೆ ಹೇಳಿದೆ. ಅವರು ತಿರುಗಿ ಕೇಳಿದರು:

“ನೀವು ನಿಮ್ಮ ಮನಿಯವರ ಕೂಡ ಅಂಗಡ್ಯಾಗ ನಿಂತು ಜೋರಾಗಿ ಮಾತಾಡ್ತೀರೇನ್ರಿ? ಅಲ್ಲಿ ಕುಂತವರಿಗೆಲ್ಲ ಆಕಿ ಕೈ ಕಾಣ್ತದ. ಊರಾಗಿನ ಅರ್ಧ ಮಂದಿಗಿ ಆ ಮಾತು ತಿಳೀತದ.”

ನನಗೆ ಅದು ಹೊಳೆದೇ ಇರಲಿಲ್ಲ. ಶಬ್ದವಿಲ್ಲದ ಮಾತಿಗೆ ಗುಟ್ಟು ಬೇಕಾಗಿಲ್ಲ ಎಂದುಕೊಂಡಿದ್ದೆ. ಅವರಿಗೆ ಬಾಗಿಲು ಹಾಕಿದ ಕೋಣೆಯೇ ಬೇಕಿತ್ತು.

ನಡುವೆ ಒಂದೇ ಒಂದು ಭಾನುವಾರ ಸಿಕ್ಕಿತು. ಕಾಲೇಜಿನ ಸಹೋದ್ಯೋಗಿಯೊಬ್ಬರ ಡೋಂಗಲನ್ನು ಸುಮ್ಮನೆ ನನ್ನ ಲಿನಕ್ಸಿಗೆ ಚುಚ್ಚಿ ನೋಡಿದೆ, ಕೂಡಲೇ ಹಿಡಿಯಿತು. ಅವರಿಗೆ ಮೈಸೂರಿನ ಕಡೆ ವರ್ಗವಾಗಿತ್ತು, ಸೋಮವಾರ ಹೊರಡುವವರು. ಒಂದು ದಿನಕ್ಕೆ ಕೇಳಿ ತಂದೆ. ರಮಾ ಕೂತಳು, ತೆರೆಯ ಮೇಲೆ ಗೌತಮ ಬಂದ. ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಅಂಗಿ ಹಾಕಿಕೊಂಡಿದ್ದ. ಸುಶೀಲಾಬಾಯಿ ಆಮೇಲೆ ಹೇಳಿದ್ದು: ನಾವು ಕನೆಕ್ಷನ್ ಕೊಡಲಾಗದ ಎಲ್ಲ ಭಾನುವಾರಗಳಲ್ಲೂ ಅವನು ಅದೇ ಅಂಗಿ ಹಾಕಿಕೊಂಡು ಫೋನಿನ ಮುಂದೆ ನಿಂತಿರುತ್ತಿದ್ದನಂತೆ.

ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ, ಹೊರಗೆ ನೀರಿನ ಟ್ಯಾಂಕರು ಹಾರ್ನು ಬಾರಿಸಿತು. ಟ್ಯಾಂಕರು ನಾಲ್ಕು ದಿನಕ್ಕೊಮ್ಮೆ ಬರುತ್ತಿತ್ತು, ತಪ್ಪಿದರೆ ಮತ್ತೆ ನಾಲ್ಕು ದಿನ. ಸುಶೀಲಾಬಾಯಿ ಓಡಿಬಂದು ರಮಾಳ ಹೆಗಲು ತಟ್ಟಿ ತಮ್ಮ ಕೊಡ ತರಲು ಓಡಿದರು. ಆ ಕ್ಷಣಕ್ಕೆ ಗೌತಮ ಎರಡೂ ಅಂಗೈಗಳನ್ನು ಎದುರುಬದುರು ಹಿಡಿದು ಏನನ್ನೋ ಇಷ್ಟಗಲ ಎಂದು ಕೇಳುತ್ತಿದ್ದ. ರಮಾ ‘ನೀರು’ ಎಂದು ಬಾಯಿಯ ಮುಂದೆ ಬೊಗಸೆ ಹಿಡಿದು ತೋರಿಸಿ ಎದ್ದು ಹೋದಳು. ತೆರೆಯ ಮೇಲೆ ಅವನು ಕೈಗಳನ್ನು ಹಾಗೇ ಹಿಡಿದು ಸ್ವಲ್ಪ ಹೊತ್ತು ನಿಂತಿದ್ದ. ನನಗೆ ಉತ್ತರ ಕೊಡಲು ಬರುತ್ತಿರಲಿಲ್ಲ, ಸುಮ್ಮನೆ ಕೈಮುಗಿದೆ.

ಸಂಜೆ ಡೋಂಗಲ್ ವಾಪಸು ತೆಗೆದುಕೊಳ್ಳಲು ಹೋದಾಗ ರಮಾ ಅದನ್ನು ಬೆಳಕಿಗೆ ಹಿಡಿದು, ಬೋರಲು ಹಾಕಿ, ಹಳದಿ ಅಸ್ತರ್ ಬಟ್ಟೆಯ ಚೂರಿನ ಮೇಲೆ ಬಾಲ್‌ಪೆನ್ನಿನಿಂದ ಏನೋ ಗೀಚುತ್ತಿದ್ದಳು. ಮಾಡಲು ಕೆಲಸವಿಲ್ಲದೆ ಚಿತ್ರ ಬಿಡಿಸುತ್ತಿದ್ದಾಳೆ ಎಂದುಕೊಂಡೆ. ನಕ್ಕೆ ಕೂಡ. ಅದನ್ನು ನೆನೆಸಿಕೊಂಡರೆ ಈಗಲೂ ಮುಖ ಬಿಸಿಯಾಗುತ್ತದೆ.

ಮುಂದಿನದು ಸುಲಭವೆಂದು ನನ್ನ ಲೆಕ್ಕ. ಯಾವ ಕಂಪನಿ, ಯಾವ ಮಾಡೆಲ್ ಎಂದು ಗೊತ್ತಾಯಿತಲ್ಲ, ಅಂಥದ್ದೇ ಇನ್ನೊಂದು ತಂದರಾಯಿತು. ಬೀದರಿನ ಚಿದ್ರಿಯಲ್ಲಿ ರಶೀದ್‌ಭಾಯಿಯ ಕಂಪ್ಯೂಟರ್ ಅಂಗಡಿಯಿದೆ. ಅವರು ಅದೇ ಕಂಪನಿಯ, ಅದೇ ಮಾಡೆಲಿನ, ಅದೇ ಬಣ್ಣದ ಡೋಂಗಲ್ ಕೊಟ್ಟರು. ಊರಿಗೆ ಒಯ್ದೆ. ರಮಾ ಅದನ್ನು ಕೈಗೆ ತೆಗೆದುಕೊಂಡು, ಬೋರಲು ಹಾಕಿ ನೋಡಿ, ಅಲ್ಲವೆಂದು ತಲೆಯಾಡಿಸಿ ಕೆಳಗಿಟ್ಟಳು.

“ಇದು ಬ್ಯಾರೆ ಅಂತಾಳ್ರಿ ಸರ್,” ಎಂದರು ಸುಶೀಲಾಬಾಯಿ.

“ಬ್ಯಾರೆ ಹ್ಯಾಂಗ ಆಗ್ತದ? ಅದೇ ಹೆಸರು, ಅದೇ ನಂಬರ್. ನೋಡ್ರಿ, ಎಷ್ಟು ದೊಡ್ಡ ಅಕ್ಷರದಾಗ ಬರದಾರ!”

ಚುಚ್ಚಿದೆ. ಹಿಡಿಯಲಿಲ್ಲ. ಮಾಲು ಕೆಟ್ಟಿರಬೇಕೆಂದು ರಶೀದ್‌ಭಾಯಿಯ ಹತ್ತಿರ ಬದಲಾಯಿಸಿ ತಂದೆ. ರಮಾ ಮತ್ತೆ ಬೋರಲು ಹಾಕಿದಳು, ಮತ್ತೆ ತಲೆಯಾಡಿಸಿದಳು. ಅದೂ ಹಿಡಿಯಲಿಲ್ಲ. ಹೈದ್ರಾಬಾದಿಗೆ ಹೋದವರ ಕೈಯಲ್ಲಿ ಒಂದು ತರಿಸಿದೆ, ಅಂಚೆಯಲ್ಲಿ ಒಂದು ತರಿಸಿದೆ. ಬೇರೆ ಕಂಪನಿಯವನ್ನೂ ತಂದೆ. ಪ್ರತಿಸಲವೂ ಇದೇ ಕಥೆ. “ಈ ಹೆಣ್ಣುಮಗಳಿಗಿ ನಂಬಿಕೀನೇ ಇಲ್ಲ ನೋಡ್ರಿ,” ಎಂದು ಸುಶೀಲಾಬಾಯಿಯ ಮುಂದೆ ರೇಗಿದೆ. ಅವರು ಅದನ್ನು ಕೈಮಾತಿಗೆ ತಿರುಗಿಸಲಿಲ್ಲ. ತಿರುಗಿಸದಿದ್ದದ್ದು ಅವರ ದೊಡ್ಡಗುಣ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಹಳೆಯ ವ್ಯವಸ್ಥೆಯನ್ನೇ ವಾಪಸು ಹಾಕಿದ್ದರೆ ಎರಡು ತಾಸಿನ ಕೆಲಸ. ಮೊದಲನೇ ವಾರವೇ ಹಾಕಬಹುದಿತ್ತು. ಆದರೆ ಹತ್ತು ಜನರ ಮುಂದೆ ಭಾಷಣ ಮಾಡಿದ್ದೆನಲ್ಲ! ತತ್ವ ಎಂದು ನನಗೆ ನಾನೇ ಹೇಳಿಕೊಂಡೆ. ಸೊಕ್ಕು ಅದು. ನನ್ನ ಸೊಕ್ಕಿಗೆ ಎರಡು ಜನರ ಭಾನುವಾರಗಳು ಹೋದವು.

ಕೊನೆಗೆ ಬೇಸಿಗೆ ನೆತ್ತಿಗೇರಿದ ಹೊತ್ತಿಗೆ ನಾನು ಸೋತೆ. ಲ್ಯಾಪ್‌ಟಾಪನ್ನು ಚೀಲದಲ್ಲಿ ಹಾಕಿಕೊಂಡು ಚಿದ್ರಿಗೆ ಹೋದೆ. ರಮಾಗೆ ದಾರ, ಗುಂಡಿ ಕೊಳ್ಳುವುದಿತ್ತೆಂದು ಅವಳೂ ಸುಶೀಲಾಬಾಯಿಯೂ ಅದೇ ಬಸ್ಸಿಗೆ ಬಂದಿದ್ದರು, ನನ್ನ ಜೊತೆಗೇ ಅಂಗಡಿಗೆ ಬಂದರು.

“ರಶೀದ್‌ಭಾಯಿ, ಹಳೇದೇ ಹಾಕಿಬಿಡ್ರಿ.”

“ಅರೆ ಸಾಬ್, ನೀವಾ ಈ ಮಾತು ಹೇಳೋದು?” ರಶೀದ್‌ಭಾಯಿ ನಿಜವಾಗಿಯೂ ನೊಂದುಕೊಂಡರು. “ನನಗ ನಿಮ್ಮ ಲಿನಕ್ಸ್ ಪೆಂಗ್ವಿನ್ ಸಮಜ್ ಆಗಂಗಿಲ್ಲ, ಖರೇ. ಆದ್ರ ನಿಮ್ಮ ಜಿದ್ದು ನೋಡಿ ಖುಷಿ ಆಗ್ತಿತ್ರಿ.”

“ಜಿದ್ದು ಸಾಕಾಯ್ತು. ಹಾಕ್ರಿ.”

ಅವರು ಸಿಡಿ ಹುಡುಕುತ್ತ ಬೆನ್ನು ತಿರುಗಿಸಿದರು. ಕೌಂಟರಿನ ಮೇಲೆ ಒಂದು ಪ್ಲಾಸ್ಟಿಕ್ ಬುಟ್ಟಿ ಇತ್ತು. ಮಾರಾಟವಾಗದ, ವಾಪಸು ಬಂದ ಸಾಮಾನೆಲ್ಲ ಅದರಲ್ಲಿ. ರಮಾ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು. ಹೊಲಿಗೆ ಚೀಲದಿಂದ ಆ ಹಳದಿ ಚೂರು ತೆಗೆದು ಕೌಂಟರಿನ ಮೇಲೆ ಹಾಸಿ, ಅಂಗೈಯಿಂದ ನೀವಿದಳು. ನಂತರ ಬುಟ್ಟಿಯಲ್ಲಿನ ಡೋಂಗಲುಗಳನ್ನು ಒಂದೊಂದೇ ಎತ್ತಿ, ಬೋರಲು ಹಾಕಿ, ಚೂರಿನ ಪಕ್ಕ ಇಟ್ಟು ನೋಡಿ, ಬದಿಗೆ ಸರಿಸತೊಡಗಿದಳು.

“ಏನ್ ಮಾಡ್ಲತ್ತಾಳ್ರಿ?” ಎಂದೆ.

ಸುಶೀಲಾಬಾಯಿ ಕೈಯಲ್ಲಿ ಕೇಳಿದರು. ರಮಾ ತನ್ನ ಕುಬಸದ ತೋಳು ಹಿಡಿದು, ಎರಡು ಬೆರಳು ಅಗಲಿಸಿ, ಏನೋ ಹೇಳಿದಳು.

“ಅಳತಿ ಅಂತ್ರಿ ಸರ್. ಗಿರಾಕಿ ಅಳತಿ ಕುಬಸ ಕೊಟ್ಟು, ಜಲ್ದಿ ವಾಪಸ್ ಬೇಕು ಅಂದ್ರ, ಆಕಿ ಅದರ ಅಳತಿ ಚೂರಿನ ಮ್ಯಾಲ ತಕ್ಕೋತಾಳ. ಈ ಸಾಮಾನನೂ ಮರುದಿನ ವಾಪಸ್ ಹೋಗೋದಿತ್ತಲ್ಲ, ಅದಕ್ಕ ಇದರದೂ ತಗೊಂಡಿದ್ಳಂತ.”

ನಾನು ಬಗ್ಗಿ ನೋಡಿದೆ. ಬಟ್ಟೆಯ ಮೇಲೆ ಡೋಂಗಲಿನ ಹಿಂಬದಿಯ ಚೀಟಿ ಇದ್ದಹಾಗೇ ಇತ್ತು. ಅಕ್ಷರ ಬಾರದ ಕೈ ಪ್ರತಿ ಅಕ್ಷರವನ್ನೂ ಚಿತ್ರದಂತೆ ಬರೆದಿತ್ತು. ಕಂಪನಿಯ ಹೆಸರು ದೊಡ್ಡದಾಗಿ, ಮಾಡೆಲು ಅದರ ಕೆಳಗೆ. ಮೂಲೆಯಲ್ಲಿ ಎಳ್ಳುಕಾಳಿನಷ್ಟು ಸಣ್ಣ ಇನ್ನೊಂದು ಗುರುತಿಗೆ ಅವಳು ಸುತ್ತ ಗೆರೆ ಎಳೆದಿದ್ದಳು. ನನಗೆ ಓದಲಾಗಲಿಲ್ಲ. ಚಾಳೀಸು ಬಂದು ಎರಡು ವರ್ಷವಾಗಿತ್ತು, ನಾನು ಒಪ್ಪಿಕೊಂಡಿರಲಿಲ್ಲ, ಅಷ್ಟೇ. ರಶೀದ್‌ಭಾಯಿಯ ಕನ್ನಡಕ ಇಸಿದುಕೊಂಡು ಹಾಕಿ ನೋಡಿದೆ.

ವರ್ಶನ್ ಒಂದು.

ಅದೇ ಮಾಡೆಲೆಂದು ನಾನು ತಂದವೆಲ್ಲ ವರ್ಶನ್ ಎರಡು, ಮೂರು. ಹೊರಗೆ ಅದೇ ಹೆಸರು, ಅದೇ ಅಂಗಿ. ಒಳಗಿನ ಚಿಪ್ ಅನ್ನು ಕಂಪನಿಯವರು ಸದ್ದಿಲ್ಲದೆ ಬದಲಾಯಿಸಿ, ಮೂಲೆಯಲ್ಲಿ ಒಂದು ಅಂಕಿ ಮಾತ್ರ ತಿದ್ದಿದ್ದರು. ಇದನ್ನು ಇಂಟರ್‌ನೆಟ್ಟಿನಲ್ಲಿ ಹತ್ತು ಕಡೆ ಬರೆದಿದ್ದರು, ನಾನು ಓದಿಯೂ ಇದ್ದೆ. ಓದು ಬಲ್ಲವನಾದ್ದರಿಂದ ದೊಡ್ಡಕ್ಷರ ಓದಿದ ಕೂಡಲೇ ನನಗೆ ಎಲ್ಲ ತಿಳಿದುಬಿಡುತ್ತಿತ್ತು. ಅವಳಿಗೆ ಯಾವ ಅಕ್ಷರವೂ ದೊಡ್ಡದಲ್ಲ, ಸಣ್ಣದಲ್ಲ. ಎಲ್ಲವೂ ಅಳತೆ. ಇಷ್ಟು ದಿನ ಅವಳು ತಲೆಯಾಡಿಸಿ ಹೇಳಿದ್ದು ಇದನ್ನೇ.

ರಮಾಳ ಕೈ ನಿಂತಿತು. ಬುಟ್ಟಿಯ ತಳದಿಂದ ಧೂಳು ಹಿಡಿದ ಒಂದು ಡೋಂಗಲ್ ಎತ್ತಿ ಚೂರಿನ ಪಕ್ಕ ಇಟ್ಟಳು. ಬೆರಳಿನಿಂದ ಇದನ್ನು ಮುಟ್ಟಿದಳು, ಅದನ್ನು ಮುಟ್ಟಿದಳು. ತಲೆಯಾಡಿಸಲಿಲ್ಲ. ನನ್ನ ಕಡೆ ದೂಡಿದಳು.

“ಅದು ಹಳೇ ಮಾಲ್ ಸಾಬ್,” ಎಂದರು ರಶೀದ್‌ಭಾಯಿ. “ಹೊಸಾದು ಬಂದ ಮ್ಯಾಲ ಯಾರೂ ಕೇಳಿಲ್ಲ.”

ಚುಚ್ಚಿದೆ. ಡೋಂಗಲಿನ ತುದಿಯಲ್ಲಿ ಹಸಿರು ದೀಪ ಮಿಣುಕಿತು. ತೆರೆಯ ಮೇಲೆ ಚಿದ್ರಿಯ ಓಣಿಯ ವೈಫೈ ಹೆಸರುಗಳೆಲ್ಲ ಒಂದರ ಕೆಳಗೊಂದು ಬಂದು ನಿಂತವು. “ಯಾ ಅಲ್ಲಾ!” ಎಂದರು ರಶೀದ್‌ಭಾಯಿ, ಸಿಡಿಯನ್ನು ಡ್ರಾಯರಿಗೆ ಹಾಕುತ್ತ. ಕ್ಷಮಿಸು ಎನ್ನುವುದನ್ನು ಕೈಯಲ್ಲಿ ಹೇಗೆ ಹೇಳುತ್ತಾರೆಂದು ಸುಶೀಲಾಬಾಯಿಯನ್ನು ಕೇಳಿದೆ. ಅವರು ತೋರಿಸಿದರು. ನಾನು ಮಾಡಿದ್ದನ್ನು ನೋಡಿ ರಮಾ ಹೊಟ್ಟೆ ಹಿಡಿದು ನಕ್ಕಳು. ಏನು ತಪ್ಪು ಮಾಡಿದೆನೋ, ಇಂದಿಗೂ ಇಬ್ಬರೂ ಹೇಳಿಲ್ಲ. ಚೂರನ್ನು ಮಡಿಸಿ ಅವಳು ನನ್ನ ಕೈಗೇ ಇಟ್ಟಳು.

ಬಸ್ಸಿನಲ್ಲಿ ಬರುವಾಗ ಸುಶೀಲಾಬಾಯಿಯನ್ನು ಕೇಳಿದೆ, “ಅವತ್ತು ಗೌತಮ ಕೈ ಅಗಲ ಮಾಡಿ ಏನು ಕೇಳ್ಲತ್ತಿದ್ದ?”

“ಹೊಲಿಗಿ ಮಷಿನ್ ಹಲಗಿ ಸರ್. ಹಳೇದು ಸೀಳ್ಯದ. ಅಲ್ಲಿ ಕಟಗಿ ಛಲೋ ಸಿಕ್ಕದ, ಮಾಡಿ ಕಳಿಸ್ತೀನಿ, ಅಗಲ ಎಷ್ಟಂತ ಕೇಳ್ಲತ್ತಿದ್ದ. ಈಕಿ ಹೇಳೋದರಾಗ ಟ್ಯಾಂಕರ್ ಬಂತು.”

“ಫೋನಿನಾಗ ನೀವರೆ ಮೇಸ್ತ್ರಿಗಿ ಹೇಳಬಹುದಿತ್ತಲ್ರಿ?”

“ಹೇಳ್ತಿದ್ದೆ. ತಾನೇ ಹೇಳ್ತೇನಿ ಅಂದಳ್ರಿ.”

ಆ ಭಾನುವಾರ ನಾನು ಕನೆಕ್ಷನ್ ಕೊಟ್ಟು, ಗೌತಮನ ಎಣ್ಣೆ ಹಚ್ಚಿದ ತಲೆ ತೆರೆಯ ಮೇಲೆ ಕಂಡ ಕೂಡಲೇ ಹೊರಗೆ ಬಂದು ಬಾಗಿಲು ಮುಂದೆ ಮಾಡಿದೆ. ಒಳಗಿನಿಂದ ಮಾತು ಕೇಳಲಿಲ್ಲ, ಕೇಳುವುದೂ ಇಲ್ಲ. ರಮಾಳ ಕೈಬಳೆಗಳ ಸದ್ದು ಮಾತ್ರ ಬರುತ್ತಿತ್ತು. ಒಮ್ಮೆ ಜೋರು, ಒಮ್ಮೆ ಸಣ್ಣಗೆ, ಒಮ್ಮೆ ಎರಡೂ ಕೈಯವು ಒಟ್ಟಿಗೆ.

ಅರ್ಧ ತಾಸು ಆಗಿರಲಿಲ್ಲ. ಟ್ಯಾಂಕರಿನ ಹಾರ್ನು ಕೇಳಿತು. ಓಣಿಯ ಹೆಣ್ಣುಮಕ್ಕಳೆಲ್ಲ ಕೊಡ ಹಿಡಿದು ಓಡಿದರು. ಸುಶೀಲಾಬಾಯಿ ರಮಾಳ ಹೆಗಲು ತಟ್ಟಲು ಬಂದು ಬಾಗಿಲಿಗೆ ಕೈ ಹಚ್ಚಿದರು. ನಾನು ಅಡ್ಡ ನಿಂತೆ.

“ಆಕಿ ಕೊಡ ಎಲ್ಲಿ ಅವ್ರಿ?”

“ಯಾಕ್ರಿ ಸರ್?”

“ತರ್ರಿ.”

ನಾಲ್ಕು ಕೊಡ. ನಾನು ಇಸ್ತ್ರಿ ಪ್ಯಾಂಟು ಮೊಣಕಾಲಿನವರೆಗೆ ಮಡಚಿ ಸಾಲಿನಲ್ಲಿ ನಿಂತೆ. “ಸರ್ ಬಂದಾರ, ಹಾದಿ ಬಿಡ್ರಿ!” ಎಂದು ಒಬ್ಬಳು ಕೂಗಿದಳು, ಯಾರೂ ಬಿಡಲಿಲ್ಲ. ಮೊದಲ ಕೊಡವನ್ನು ಅರ್ಧಕ್ಕೆ ಚೆಲ್ಲಿ ಬೈಸಿಕೊಂಡೆ, ಎರಡನೆಯದನ್ನು ಹೊಟ್ಟೆಗೆ ಆನಿಸಿಕೊಂಡು ಅಂಗಿ ತೋಯಿಸಿಕೊಂಡೆ. ಹೆಗಲ ಮೇಲೆ ಇಡುವುದೋ ಟೊಂಕದ ಮೇಲೆ ಇಡುವುದೋ ತಿಳಿಯದೆ ಒದ್ದಾಡುವುದನ್ನು ನೋಡಿ ಇಡೀ ಸಾಲು ನಕ್ಕಿತು. ಪ್ರತಿ ಕೊಡ ಇಳಿಸಲು ವಿಹಾರದ ಕಟ್ಟೆಗೆ ಬಂದಾಗ ಬಾಗಿಲಿಗೆ ಕಿವಿಗೊಟ್ಟೆ. ನಾಲ್ಕನೆಯ ಕೊಡ ಇಳಿಸಿದೆ. ಟ್ಯಾಂಕರು ಹೊರಟುಹೋಯಿತು, ಓಣಿ ಖಾಲಿಯಾಯಿತು. ಒಳಗೆ ಬಳೆಗಳ ಸದ್ದು ಇನ್ನೂ ನಡೆದೇ ಇತ್ತು.